ಎಂಜಿಬಿಗೆ ಹೊಸ ಕವರ್

ಮಾವನ ಎಂಜಿಬಿ ಅನ್ನುವ ಓಪನ್ ಕಾರಿನ ಟಾಪ್, ಅಂದರೆ ಮೇಲ್ಛಾವಣಿ, ಮಡಿಚಿದಾಗ ಮೇಲೆ ಹಾಕುವ ಕವರ್ ಇವತ್ತು ರೆಡಿಯಾಯಿತು. ಹೊಲಿಸಿದ್ದು ತುಮಕೂರಿನ ಬಿ.ಎಚ್. ರಸ್ತೆಯ ಕುಶನ್ ಅಂಗಡಿಯಲ್ಲಿ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ ಇದು. ಇಲ್ಲಿ ಇದಕ್ಕೆ ರೆಡಿಮೇಡ್ ಕವರ್ ಎಲ್ಲಿ ಸಿಗಬೇಕು?

ನನಗೆ ಕ್ಯಾನ್ವಾಸ್ ಇಷ್ಟವಿತ್ತು. ಮಾವ ರೆಕ್ಸಿನ್ನೇ ಬೇಕು ಅಂದರು. ಧೂಳು ಒರೆಸಿದರೆ ಹೋಗುತ್ತದೆ, ಸರಿ ಅನ್ನಿಸಿತು.

"ಮೊದ್ಲು ಬಿಸಿಲಿಗೆ ಹರಡಿ ಸಾರ್, ಮೆತ್ತಗಾಗ್ಲಿ" ಅಂದ ಅಂಗಡಿಯ ಹುಡುಗ. ಬಿಸಿಯಾದ ರೆಕ್ಸಿನ್ ಚೆನ್ನಾಗಿ ಎಳೆದುಕೊಳ್ಳುತ್ತದೆ. ಬಾಡಿಯ ಮೇಲಿನ ಟಿಚ್ ಬಟನ್ನಿಗೆ ಸೀಮೆಸುಣ್ಣ ಸವರಿ, ರೆಕ್ಸಿನ್ ಎಳೆದು ಹೆಬ್ಬೆರಳಿನಿಂದ ಒತ್ತಿದ. ಒಳಗಡೆ ಬಿಳಿ ಗುರುತು ಬಿತ್ತು. ಅಲ್ಲೇ ತೂತು, ಅಲ್ಲೇ ಬಟನ್. ಶುರು ಮಾಡಿದ್ದು ನಡುವಿನಿಂದ. ಒಂದು ಮೂಲೆಯಿಂದ ಹೊರಟರೆ ಸುಕ್ಕೆಲ್ಲ ಇನ್ನೊಂದು ಮೂಲೆಗೆ ಬಂದು ಸೇರುತ್ತದೆ. ಎಷ್ಟು ಅಚ್ಚುಕಟ್ಟು ಕೆಲಸ ಅಂತೀರಿ!

ಟಾಪ್ ಮಡಿಚುವಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಮಡಿಕೆ ಬೀಳದಂತೆ ನಡುವೆ ಮೆತ್ತನೆ ಬಟ್ಟೆ ಇಟ್ಟೆವು. ಅತ್ತೆ ರೇಷ್ಮೆ ಸೀರೆಯ ಮಡಿಕೆ ಆಗಾಗ ಬದಲಿಸಿ ಇಡುವುದು ನೆನಪಾಯಿತು. ಬಳಸುವಾಗ ಮಾತ್ರವಲ್ಲ, ಸುಮ್ನೆ ಮಡಿಚಿಟ್ಟಾಗಲೂ ಬಟ್ಟೆ ಸವೆಯುತ್ತದೆ ಅಲ್ವಾ?

ಒದ್ದೆ ಟಾಪ್ ಮಾತ್ರ ಮಡಿಚಿ ಕವರ್ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಭಾನುವಾರ ಮಳೆ ಇಲ್ಲದಿದ್ದರೆ ದೇವರಾಯನದುರ್ಗಕ್ಕೆ ಹೊರಟೆವು.