ಅಂಬೋಸೆಲಿಯ ಆನೆ ಕಿವಿಗಳು: ಬಿಸಿಗಾಳಿ ಜೊತೆ ಗುದ್ದಾಟ

ಕೊನೆಗೂ ಫೋಟೊದಲ್ಲಿ ಆನೆ ಕಿವಿಯ ಹರಕು ಹರಕಾಗಿಯೇ ಬಂದಿದೆ. ಎಡಗಿವಿಯ ಕೆಳಗಡೆ ಅಂಚಿನಲ್ಲಿ ಒಂದು ಆಳವಾದ ಕಚ್ಚು, ಅದರ ಮೇಲೆ ಹೆಬ್ಬೆರಳು ತೂರುವಷ್ಟು ತೂತು. ಮಾನಿಟರ್‌ನಲ್ಲಿ ಪೂರ್ತಿ ಹಿಗ್ಗಿಸಿದರೂ ಅಂಚು ಅಲುಗಿಲ್ಲ. ಖುಷಿಯಿಂದ ಮನೆಯಲ್ಲಿ ತೋರಿಸಿದೆ. "ಅಲ್ರೀ, ಆನೆ ಮುಖ ಎಲ್ಲಿ?" ಅಂದಳು ಹೆಂಡತಿ. ಮುಖ ಇಲ್ಲ. ಅಷ್ಟು ದೂರ ಹೋಗಿದ್ದೇ ಕಿವಿಗೆ.

ಪ್ರಾಜೆಕ್ಟ್ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಕೀನ್ಯಾದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನದಲ್ಲಿ ಇರುವಷ್ಟು ಹೊತ್ತಿನಲ್ಲಿ ಸಾಧ್ಯವಾದಷ್ಟು ಆನೆಗಳ ಎರಡೂ ಕಿವಿ ಹಿಡಿಯಬೇಕು. ಮತ್ತೆ ಕಂಡಾಗ "ಇದು ನಿನ್ನೆಯದೇ" ಅಂತ ಧೈರ್ಯವಾಗಿ ಹೇಳುವ ಹಾಗಿರಬೇಕು. ಐಡಿಯಾ ನನ್ನದಲ್ಲ. ಆನೆ ಸಂಶೋಧಕಿ ಸಿಂಥಿಯಾ ಮಾಸ್ ಅವರ ತಂಡ 1972ರಿಂದ ಅಲ್ಲಿ ಮಾಡುತ್ತಿರುವುದೇ ಇದು. ಕಿವಿಯ ಹರಕು, ತೂತು, ನರಗಳ ಗೆರೆ ನೋಡಿ ಆನೆಯನ್ನು ಗುರುತು ಹಿಡಿಯುತ್ತಾರೆ. ಒಂದು ಕುಟುಂಬದವರಿಗೆಲ್ಲ ಒಂದೇ ಅಕ್ಷರದಿಂದ ಶುರುವಾಗುವ ಹೆಸರು ಇಡುತ್ತಾರೆ. ಇಬಿ (EB) ಕುಟುಂಬದ ಯಜಮಾನಿ ಎಕೋ (Echo) 2009ರಲ್ಲಿ ತೀರಿಕೊಂಡಾಗ ಹೊರದೇಶದ ಪತ್ರಿಕೆಗಳೂ ಬರೆದವು. ನಮ್ಮ ಕಡೆ ಊರಿನ ಹಿರಿಯಜ್ಜಿ ಹೋದರೂ ಅಷ್ಟು ಬರೆಯಲ್ಲ.

ಸಿಂಹ ಕಂಡಿತಾ ಅಂತ ಎಲ್ಲರೂ ಕೇಳುತ್ತಿದ್ದಾರೆ. ಕಂಡಿತು. ಮಲಗಿತ್ತು. ಮುಂದಕ್ಕೆ ಹೋಗೋಣ.

ಸಮಸ್ಯೆ ಇದು. ಬೆಳಗಿನ ಮೊದಲ ಒಂದೂವರೆ ಗಂಟೆಯಲ್ಲಿ ತೆಗೆದ ಫೋಟೊ ಎಲ್ಲಾ ಬ್ಲೇಡ್ ಥರ ಶಾರ್ಪ್. ಎಂಟೂವರೆ ದಾಟುತ್ತಿದ್ದ ಹಾಗೆ ಅದೇ ಲೆನ್ಸ್, ಅದೇ ಸೆಟ್ಟಿಂಗ್, ಎಲ್ಲಾ ಸಾಫ್ಟ್. ಕಿವಿಯ ಅಂಚು ಕರಗಿದ ಹಾಗೆ. ಕ್ಯಾಮೆರಾದ ಚಿಕ್ಕ ಸ್ಕ್ರೀನಿನಲ್ಲಿ ಏನೂ ಗೊತ್ತಾಗಲ್ಲ, ರೂಮಿಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿದಾಗ ತಲೆ ಚಚ್ಚಿಕೊಳ್ಳಬೇಕು. ಆನೆಗಳ ಟೈಮ್‌ಟೇಬಲ್ ಬೇರೆ ಇದಕ್ಕೆ ತಕ್ಕ ಹಾಗಿದೆ. ರಾತ್ರಿ ಎಷ್ಟೋ ಹಿಂಡುಗಳು ಉದ್ಯಾನದ ಹೊರಗಿನ ಕುರುಚಲು ಕಾಡಿನಲ್ಲಿರುತ್ತವೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಸಾಲಾಗಿ ಜೌಗಿನ ಕಡೆ ನಡೆಯುತ್ತವೆ. ನಡುವೆ ಒಣಗಿದ ಅಂಬೋಸೆಲಿ ಕೆರೆಯ ಬಯಲು. ಹುಲ್ಲಿಲ್ಲ, ಮರ ಇಲ್ಲ, ಬಿಳಿ ಸೌಳು ಮಣ್ಣು. ಆನೆಗಳು ಅಲ್ಲಿ ಕಾಲಿಡುವುದು, ನೆಲ ಕಾಯುವುದು, ಎರಡೂ ಒಂದೇ ಹೊತ್ತಿಗೆ. ದೂರದಲ್ಲಿ ಬಿಸಿಲ್ಗುದುರೆ ಎದ್ದು, ಆನೆಗಳಿಗೆ ಕಾಲೇ ಇಲ್ಲ ಅನ್ನಿಸುತ್ತದೆ.

ನನಗೆ ಮೊದಲು ಅನುಮಾನ ಬಂದಿದ್ದು ಲೆನ್ಸ್ ಮೇಲೆ. ಕಾರಣ ಇತ್ತು. ಬೆಂಗಳೂರಿನಲ್ಲಿ ಬಾಡಿಗೆಗೆ ತಂದ 600 ಎಂಎಂ. ಅಂಗಡಿಯವನು "ಆಫ್ರಿಕಾನಾ? ಹಾಗಾದ್ರೆ ಧೂಳಿಗೆ ಡಿಪಾಸಿಟ್ ಜಾಸ್ತಿ" ಅಂದ. ದುಡ್ಡು ಎಣಿಸಿಕೊಂಡು ಕೊಟ್ಟ ಲೆನ್ಸಿನ ಕಾಲರ್ (ಸ್ಟ್ಯಾಂಡಿಗೆ ಕೂರಿಸುವ ಬಳೆ) ಗಡಗಡ ಅಲ್ಲಾಡುತ್ತಿತ್ತು. ಸ್ಕ್ರೂ ಬಿಗಿ ಮಾಡೋಕೆ ಅಲೆನ್ ಕೀ ಕೇಳಿದರೆ, ಅದಕ್ಕೆ ಬೇರೆ ಬಾಡಿಗೆ! ಸ್ಕ್ರೂ ನಾನೇ ಬಿಗಿ ಮಾಡಿಕೊಂಡೆ. ಆದರೂ ಫೋಟೊ ಹಾಗೇ.

ಸಾಫ್ಟ್ ಫೋಟೊ ಕಂಡರೆ ಕಾರಣ ಕಂಡುಹಿಡಿಯೋದು ಹೀಗೆ. ಫೋಕಸ್ ತಪ್ಪಿದ್ದರೆ ಕಿವಿಯ ಮುಂದಿನದೋ ಹಿಂದಿನದೋ, ಹುಲ್ಲು, ಬೆನ್ನು, ಏನಾದರೊಂದು ಶಾರ್ಪ್ ಇರುತ್ತದೆ. ಗಾಡಿ ಅಲುಗಿದ್ದರೆ ಎಲ್ಲಾ ಅಂಚೂ ಒಂದೇ ದಿಕ್ಕಿಗೆ ಜೋಡಿಗೆರೆಯಾಗಿ ಎಳೆದಿರುತ್ತದೆ. ಹೀಟ್ ಹೇಜ್, ಅಂದರೆ ಬಿಸಿಗಾಳಿಯ ನಡುಕ, ಇದ್ದರೆ ಎರಡೂ ಅಲ್ಲ. ಬರ್ಸ್ಟ್‌ನ (ಪಟಪಟ ಅಂತ ಒಂದರ ಹಿಂದೊಂದು ತೆಗೆದ ಸಾಲಿನ) ಒಂದು ಫ್ರೇಮಿನಲ್ಲಿ ಕಿವಿಯ ಮೇಲ್ಭಾಗ ಸರಿ, ಕೆಳಗೆ ಕರಗಿದೆ. ಮುಂದಿನ ಫ್ರೇಮಿನಲ್ಲಿ ಉಲ್ಟಾ. ಬರ್ಸ್ಟನ್ನು ಓಡಿಸಿ ನೋಡಿದರೆ ಇಡೀ ಆನೆ ನೀರಿನೊಳಗೆ ನಿಂತು ತೂಗಾಡಿದ ಹಾಗೆ ಕಾಣುತ್ತದೆ. ನನ್ನ ಫೈಲ್‌ಗಳೆಲ್ಲ ಈ ಮೂರನೇ ಗುಂಪಿಗೇ ಬಿದ್ದವು. ಅಂಗಡಿಯವನ ಮೇಲಿನ ಕೋಪ ಮಾತ್ರ ಹಾಗೇ ಉಳಿಯಿತು.

ಲೆಕ್ಕ ಹಾಕಿದರೆ ಲೆನ್ಸಿನ ತಾಕತ್ತು ಬೇಕಾದಷ್ಟಿದೆ. 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್, 600 ಎಂಎಂ, ಆನೆ 300 ಮೀಟರ್ ದೂರದಲ್ಲಿದ್ದರೂ ಒಂದು ಪಿಕ್ಸೆಲ್‌ಗೆ ಸುಮಾರು 2 ಮಿಲಿಮೀಟರ್. ಮೂರು ಸೆಂಟಿಮೀಟರ್ ಕಚ್ಚಿಗೆ ಹದಿನಾಲ್ಕು ಪಿಕ್ಸೆಲ್ ಸಿಗಬೇಕು. ಸಿಗುತ್ತಿಲ್ಲ ಅಂದರೆ ನಡುವಿನ ಗಾಳಿ ತಿನ್ನುತ್ತಿದೆ ಅಂತಲೇ ಅರ್ಥ. ಹಾಗಾಗಿ ಟೆಲಿಕನ್ವರ್ಟರ್ (ಇನ್ನಷ್ಟು ಹಿಗ್ಗಿಸುವ ಹೆಚ್ಚುವರಿ ಲೆನ್ಸ್) ಹಾಕಿ ಅನ್ನುವವರೇ, ದಯವಿಟ್ಟು ಬೇಡ. ಅದು ಹೇಜನ್ನೂ ಸೇರಿಸಿ ದೊಡ್ಡದು ಮಾಡುತ್ತದೆ.

ಹತ್ತಿರ ಹೋದರೆ ಮುಗಿಯಿತಲ್ಲ ಅಂತೀರಾ? ಅಂಬೋಸೆಲಿಯಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವ ಹಾಗಿಲ್ಲ. ಸರಿಯಾದ ನಿಯಮ, ತಕರಾರಿಲ್ಲ. ಆದರೆ ಆಗ ಉಳಿದ ಆಯ್ಕೆಗಳು ಎರಡೇ. ಲ್ಯಾಂಡ್ ಕ್ರೂಸರ್‌ನ ಕಿಟಕಿಯಿಂದ ತೆಗೆಯಬೇಕು, ಇಲ್ಲ ಸೂರು ಎತ್ತಿ ಮೇಲಿನಿಂದ ತೆಗೆಯಬೇಕು.

ಕಿಟಕಿಯಿಂದ ತೆಗೆದರೆ ನೋಟ ನೆಲಕ್ಕೆ ಹತ್ತಿರ. ನೆಲದ ಪಕ್ಕದ ಗಾಳಿಯೇ ಅತಿ ಹೆಚ್ಚು ಕುದಿಯುವುದು. ಮೇಲಿನಿಂದ ತೆಗೆದರೆ ನೆಲದ ಕಾಟ ಕಡಿಮೆ, ಆದರೆ ಲೆನ್ಸಿನ ಮೂತಿಯ ಕೆಳಗೇ ಗಾಡಿಯ ತಗಡಿನ ಸೂರು. ಹತ್ತು ಗಂಟೆಗೆ ಅದು ದೋಸೆ ಕಾವಲಿ. ಅಲ್ಲಿಂದ ಏಳುವ ಬಿಸಿ ನೇರವಾಗಿ ಲೆನ್ಸಿನ ಮುಂದಕ್ಕೆ. ಅತ್ತ ದರಿ ಇತ್ತ ಪುಲಿ. ಆಫ್ರಿಕಾದಲ್ಲಿ ಹುಲಿ ಇಲ್ಲದಿದ್ದರೂ ನನ್ನ ಪಾಲಿಗೆ ಒಂದು ಬಂದಿತ್ತು.

ಗಮನಿಸಬೇಕಾದ ವಿಷಯ ಇಲ್ಲಿದೆ. ಬಯಲಿನ ಹೇಜ್ ನಮ್ಮ ಕೈಯಲ್ಲಿಲ್ಲ. ಲೆನ್ಸಿನ ಮುಂದಿನ ಮೊದಲ ಎರಡು ಮೀಟರ್ ಮಾತ್ರ ನಮ್ಮ ಕೈಯಲ್ಲಿದೆ. ಅಲ್ಲಿಂದಲೇ ಶುರು ಮಾಡಿದೆ.

ಮೊದಲು ಎಂಜಿನ್. ಆಫ್ ಮಾಡಿದರೂ ಬಾನೆಟ್ ತುಂಬಾ ಹೊತ್ತು ಕಾದಿರುತ್ತದೆ. ಗಾಳಿ ಬಾನೆಟ್ ಕಡೆಯಿಂದ ನಮ್ಮ ಕಡೆ ಬೀಸಿದರೆ ಕೆಲಸ ಕೆಟ್ಟಿತು. ಡ್ರೈವರ್‌ಗೆ ವಿವರಿಸಿದೆ. ಆತ ತಲೆ ಆಡಿಸಿ, ಒಂದು ಹಿಡಿ ಧೂಳು ಎತ್ತಿ ಬಿಟ್ಟು ಗಾಳಿ ನೋಡಿ, "ಪೋಲೆ ಪೋಲೆ" (ನಿಧಾನ, ನಿಧಾನ) ಅನ್ನುತ್ತಾ ಗಾಡಿ ತಿರುಗಿಸಿದ. ಆಮೇಲೆ ನಾನು ಹೇಳುವ ಮೊದಲೇ ಬಾನೆಟ್ಟನ್ನು ಗಾಳಿ ಹೋಗುವ ದಿಕ್ಕಿಗೆ ನಿಲ್ಲಿಸುತ್ತಿದ್ದ. ಇಂಥ ಡ್ರೈವರ್ ಸಿಕ್ಕರೆ ಅರ್ಧ ಫೋಟೊಗ್ರಫಿ ಮುಗಿದ ಹಾಗೆ.

ಎರಡನೆಯದು ಹುಡ್, ಅಂದರೆ ಲೆನ್ಸಿನ ಮೂತಿಗೆ ಹಾಕುವ, ಬಿಸಿಲು ತಡೆಯುವ ಕೊಳವೆ. ಉದ್ದ ಹುಡ್ಡಿನೊಳಗೆ ಬಿಸಿ ಗಾಳಿ ಸಿಕ್ಕಿಕೊಂಡು ಅಲ್ಲೇ ಸುಳಿಯುತ್ತದೆ. ತೆಗೆದು ಬ್ಯಾಗಿಗೆ ಹಾಕಿದೆ. ಬೆಳಕು ನಮ್ಮ ಬೆನ್ನ ಹಿಂದಿನಿಂದ ಇದ್ದಾಗ ಹುಡ್ ಇಲ್ಲದಿದ್ದರೆ ಏನೂ ನಷ್ಟ ಇಲ್ಲ.

ಮೂರನೆಯದು ಪಂಚೆ. ಹೌದು, ಪಂಚೆ. ರೂಮಿನಲ್ಲಿ ಉಡೋಕೆ ಒಯ್ದಿದ್ದ ಬಿಳಿ ಪಂಚೆಯನ್ನು ಒದ್ದೆ ಮಾಡಿ, ಹಿಂಡಿ, ಸೂರಿನ ಮೇಲೆ ಲೆನ್ಸಿನ ಮುಂದೆ ಹಾಸಿದೆ. ಅಲ್ಲಿನ ಒಣಹವೆಗೆ ನೀರು ಬೇಗ ಆರುತ್ತದೆ, ಆರುತ್ತಾ ತಗಡಿನ ಬಿಸಿ ಎಳೆದುಕೊಳ್ಳುತ್ತದೆ. ಫಲಿತಾಂಶ ನೋಡಿ ನಾನೇ ಬೆರಗಾದೆ. ಎತ್ತಿದ ಸೂರಿನಿಂದ ತೆಗೆದ ಫ್ರೇಮುಗಳಲ್ಲಿ ಆ ದೊಡ್ಡ ತೂಗಾಟ ನಿಂತುಹೋಯಿತು, ದೂರದ ಸಣ್ಣ ನಡುಕ ಮಾತ್ರ ಉಳಿಯಿತು. ಪಂಚೆಗೆ ಸೌಳು ಧೂಳು ಮೆತ್ತಿ ಮಧ್ಯಾಹ್ನದ ಹೊತ್ತಿಗೆ ಅದು ಗಾರೆ ಬಳಿದ ಹಾಗಾಗಿತ್ತು. ಬೆಂಗಳೂರಿಗೆ ಬಂದ ಮೇಲೂ ಆ ಕಲೆ ಹೋಗಿಲ್ಲ.

ಸಣ್ಣ ನಡುಕಕ್ಕೆ ಏನು ಮಾಡೋದು? ಶಟರ್ ಸ್ಪೀಡ್ 1/2000ಕ್ಕೆ ಏರಿಸಿದರೆ ಅಂಚು ಶಾರ್ಪ್ ಆಗುತ್ತದೆ, ನಿಜ. ಆದರೆ ಡೊಂಕಾಗಿ ಶಾರ್ಪ್ ಆಗುತ್ತದೆ! ಹೇಜಿನ ಒಂದು ಅಲೆ ಅಂಚನ್ನು ಒಳಗೆ ತಳ್ಳಿದ ಕ್ಷಣ ಕ್ಲಿಕ್ ಆದರೆ, ಇಲ್ಲದ ಕಚ್ಚು ಹುಟ್ಟಿಕೊಳ್ಳುತ್ತದೆ. ಮುಖ ತೆಗೆಯುವವರಿಗೆ ಇದು ತೊಂದರೆಯೇ ಅಲ್ಲ. ಕಿವಿ ಓದುವವರಿಗೆ ಇದೇ ದೊಡ್ಡ ಮೋಸ. ಒಂದೇ ಹೆಣ್ಣಾನೆಯನ್ನು ಎರಡು ಆನೆ ಅಂತ ಬರೆದುಕೊಂಡುಬಿಡುತ್ತೀರಿ.

ಗುರು, ಶನಿ ಗ್ರಹಗಳ ಫೋಟೊ ತೆಗೆಯುವ ಗೆಳೆಯರು ಇದಕ್ಕೆ ಸಾವಿರಾರು ಫ್ರೇಮ್ ತೆಗೆದು, ಒಳ್ಳೆಯವನ್ನು ಆರಿಸಿ, ಒಂದರ ಮೇಲೊಂದು ಕೂರಿಸುತ್ತಾರೆ. ಆನೆಗೆ ಅದು ನಡೆಯಲ್ಲ. ಶನಿ ಕಿವಿ ಬೀಸಲ್ಲ, ಅಲ್ವಾ. ಹಾಗಾಗಿ ಕೂರಿಸುವ ಬದಲು ಹೋಲಿಸಿದೆ. ಆನೆ ಬೀಸುತ್ತಾ ಬೀಸುತ್ತಾ ಕಿವಿಯನ್ನು ಪೂರ್ತಿ ಹರಡಿ ಒಂದು ಕ್ಷಣ ನಿಲ್ಲಿಸುತ್ತದೆ. ಆಗ ಬರ್ಸ್ಟ್. ಮುಂದಿನ ಬೀಸಿಗೆ ಇನ್ನೊಂದು. ಎಲ್ಲಾ ಬೀಸಿನಲ್ಲೂ ಅದೇ ಜಾಗದಲ್ಲಿ ನಿಂತ ಕಚ್ಚು ನಿಜವಾದದ್ದು. ಜಾಗ ಬದಲಿಸಿದ ಕಚ್ಚು ಗಾಳಿಯದು. ಒಂದು ಸುಂದರ ಫೋಟೊದ ಆಸೆ ಬಿಟ್ಟು ಹತ್ತು ಸುಮಾರಾದ ಫೋಟೊ ಪಕ್ಕಪಕ್ಕ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನ ತಿರುವು ಇದೇ.

ಆಟೋಫೋಕಸ್ ಹೇಜಿನಲ್ಲಿ ಪರದಾಡುತ್ತದೆ. ಒಮ್ಮೆ ಹಿಡಿದು ಲಾಕ್ ಮಾಡಿ. 100 ಮೀಟರ್‌ನಲ್ಲಿ ಎಫ್ 8 ಅಪರ್ಚರಿಗೆ ಸುಮಾರು 13 ಮೀಟರ್ ಆಳದಷ್ಟು ಜಾಗ ಫೋಕಸಿನಲ್ಲಿ ಸಿಗುತ್ತದೆ, ಆನೆಯ ಎರಡೂ ಕಿವಿ ಧಾರಾಳವಾಗಿ ಒಳಗೆ.

ಇನ್ನೊಂದು ಸುಲಭದ ದಾರಿ ಜೌಗು. ಕಿಲಿಮಂಜಾರೊ ಕಡೆಯಿಂದ ನೆಲದಡಿ ಬರುವ ನೀರು ಎಂಕೊಂಗೊ ನರೋಕ್, ಲೊಂಗಿನ್ಯೆ ಜೌಗುಗಳಲ್ಲಿ ಮೇಲೇಳುತ್ತದೆ. ಒದ್ದೆ ನೆಲ ಕಾಯುವುದು ನಿಧಾನ. ಬಿಸಿಲಿನ ಬಹುಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ. ಪಂಚೆಯ ಲೆಕ್ಕವೇ ಅಲ್ಲೂ. ಮೇಲೆ ಹೇಳಿದ ಕಿವಿ ಸಿಕ್ಕಿದ್ದು ಲೊಂಗಿನ್ಯೆ ಅಂಚಿನಲ್ಲೇ. ಹೊಟ್ಟೆಮಟ್ಟ ನೀರಿನಲ್ಲಿ ನಿಂತು ಹುಲ್ಲು ಕೀಳುತ್ತಿತ್ತು, ಬೆನ್ನ ಮೇಲೆ ಎರಡು ಗೋವಕ್ಕಿ. ಕಿವಿ ಹರಡಿದಾಗೆಲ್ಲ ತೂತಿನೊಳಗಿಂದ ಹಿಂದಿನ ಹಸಿರು ಕಾಣುತ್ತಿತ್ತು. ಬೇರೆ ಗಾಡಿಗಳೆಲ್ಲ ಆನೆ ಹಿಂದೆ ಕಿಲಿಮಂಜಾರೊ ಬರುವ ಫ್ರೇಮಿಗಾಗಿ ಇನ್ನೊಂದು ಕಡೆ ಮುತ್ತಿಕೊಂಡಿದ್ದವು. 5,895 ಮೀಟರ್ ಬೆಟ್ಟ ಅಷ್ಟು ಹೊತ್ತಿಗೆ ಮೋಡ ಹೊದ್ದು ಮಲಗಿತ್ತು. ನಮಗೆ ಜಾಗ ಆರಾಮ.

ಲೆನ್ಸಿಗೆ ಆಸರೆಯಾಗಿ ಇಡುವ ಬೀನ್ ಬ್ಯಾಗ್ ಬಗ್ಗೆ ಹೇಳದೆ ಹೋದರೆ ಹೊಟ್ಟೆ ತಣ್ಣಗಾಗಲ್ಲ. ಆನ್‌ಲೈನಿನಲ್ಲಿ ತರಿಸಿದ್ದು, ಖಾಲಿ ಚೀಲ ಒಯ್ದು ನೈರೋಬಿಯಲ್ಲಿ ತುಂಬಿಸಿದೆ. ತುಂಬಿದ್ದು ಏನು ಗೊತ್ತಾ? ರಾಗಿ. ಅಲ್ಲಿನವರಿಗೆ ಅದು ವಿಂಬಿ, ಗಂಜಿಗೆ ಬಳಸುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು, ನಮ್ಮ ಮುದ್ದೆ ಅಲ್ಲಿಂದ ಬಂದ ನೆಂಟ. ಕಾಳು ಸಣ್ಣದು, ಲೆನ್ಸ್ ಕೂರಿಸಿದರೆ ಸೊಗಸಾಗಿ ಕಚ್ಚಿಕೊಳ್ಳುತ್ತದೆ. ಆದರೆ ಚೀಲದ ಜಿಪ್ ಮೊದಲ ಬೆಳಿಗ್ಗೆಯೇ ಬಾಯಿ ಬಿಟ್ಟಿತು. ಗಾಡಿ ತುಂಬಾ ರಾಗಿ. ಅಬ್ಸರ್ವೇಶನ್ ಹಿಲ್ ಹತ್ತಿರ ನಿಲ್ಲಿಸಿ ಗುಡಿಸುತ್ತಿದ್ದರೆ ಸೂಪರ್ಬ್ ಸ್ಟಾರ್ಲಿಂಗ್ ಹಕ್ಕಿಗಳು ಬಾಗಿಲ ಬಳಿ ಕಾದು ಕೂತವು. ಒಂದು ಕಾಳೂ ಕೊಡಲಿಲ್ಲ, ಎಲ್ಲಾ ಬಾಚಿ ಕಾಲುಚೀಲಕ್ಕೆ ತುಂಬಿದೆ. ಕಂಪನಿಗೆ ದೂರು ಕೊಟ್ಟರೆ "ಉತ್ಪನ್ನವನ್ನು ಧಾನ್ಯಕ್ಕೆ ಬಳಸಬಾರದು" ಅಂತ ಉತ್ತರ. ಬೀನ್ ಬ್ಯಾಗಿಗೆ ಮತ್ತೇನು ತುಂಬೋದು, ಹತ್ತಿನಾ? ಈಗ ನಮ್ಮ ಬೀದಿಯ ಟೈಲರ್ ಹತ್ತಿರ ಕ್ಯಾನ್ವಾಸಿನಲ್ಲಿ ಹೊಸದು ಹೊಲಿಸುತ್ತಿದ್ದೇನೆ. ಜಿಪ್ ಇಲ್ಲ, ಮಡಚಿ ಕಟ್ಟುವ ದಾರ.

ಆ ಹೊಸ ಚೀಲ ಕಬಿನಿಗೆ. ಬೇಸಿಗೆಯಲ್ಲಿ ಹಿನ್ನೀರಿನ ದಡಕ್ಕೆ ಆನೆಗಳು ಸೇರುತ್ತವಲ್ಲ, ಅಲ್ಲಿ ಇದೇ ಆಟ ಆಡಬೇಕು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಕಬಿನಿ ಎಲಿಫೆಂಟ್ ಪ್ರಾಜೆಕ್ಟ್‌ನಲ್ಲಿ 2009ರಿಂದ ಅಲ್ಲಿನ ಆನೆಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದಾರೆ. ನಮ್ಮ ಆನೆಗಳದ್ದು ಬೇರೆ ಕಷ್ಟ. ಕಿವಿ ಚಿಕ್ಕದು, ಮೇಲಿನ ಅಂಚು ಮಡಚಿರುತ್ತದೆ, ಹೆಣ್ಣಿಗೆ ಅಂಬೋಸೆಲಿಯವುಗಳ ಹಾಗೆ ಉದ್ದ ಕೊಂಬಿಲ್ಲ. ಹಾಗಾಗಿ ಕಿವಿಯ ಜೊತೆ ಬೆನ್ನಿನ ಆಕಾರ, ಬಾಲ ಎಲ್ಲಾ ಬೇಕು. ಬಾಲದ ತುದಿಯ ಕೂದಲು ಒಂದು ಕಡೆ ಉದುರಿದೆಯಾ, ಎರಡೂ ಕಡೆ ಇದೆಯಾ, ಬಾಲವೇ ಮೊಟಕಾಗಿದೆಯಾ, ಎಲ್ಲಾ ಕಾಣಬೇಕು. ಬಾಲ ಕಿವಿಗಿಂತ ಜೋರಾಗಿ ಬೀಸುತ್ತದೆ, ಹರಡಿ ನಿಲ್ಲಿಸುವ ಕ್ಷಣವೂ ಇಲ್ಲ. ದೋಣಿಯಿಂದ ಬಾಲ ಹಿಡಿದವರಿದ್ದರೆ ಎಷ್ಟು ಶಟರ್ ಸ್ಪೀಡ್ ಇಟ್ಟಿರಿ ಹೇಳಿ. ಬೆಂಗಳೂರಿನಲ್ಲಿ ಅಲೆನ್ ಕೀ ಪುಕ್ಕಟೆ ಕೊಡುವ ಬಾಡಿಗೆ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ.