ಅಟಕಾಮಾದ ದೂಳು, ಆಕಾಶದ ದೂಳು

ಸಾನ್ ಪೆದ್ರೊ ದೆ ಅಟಕಾಮಾಕ್ಕೆ ಬಂದ ಎರಡನೇ ದಿನವೇ ನನ್ನ ಮೂಗಿನಿಂದ ರಕ್ತ ಬಂತು. ಗಾಳಿಯಲ್ಲಿ ತೇವ ಅನ್ನುವುದೇ ಇಲ್ಲ. ಶೂ, ಬ್ಯಾಗು, ಕ್ಯಾಮೆರಾದ ಸಂದುಗೊಂದಿ, ಎಲ್ಲಿ ನೋಡಿದರೂ ಕಂದು ದೂಳು. ಚಿಲಿಯ ಈ ಮರುಭೂಮಿಗೆ ನಾನು ಬಂದದ್ದೂ ದೂಳಿನ ಬೆನ್ನು ಹತ್ತಿಯೇ. ಆದರೆ ಆ ದೂಳು ಸಾವಿರ ಕೋಟಿ ವರ್ಷಕ್ಕೂ ಹಿಂದಿನದು.

ಶನಿವಾರ ಬೆಳಿಗ್ಗೆ ಆಲ್ಮಾ ದೂರದರ್ಶಕದ ಕೇಂದ್ರಕ್ಕೆ ಬಸ್ಸು. ಮೊದಲೇ ಹೆಸರು ಬರೆಸಿದವರಿಗಷ್ಟೇ ಸೀಟು. ಅಲ್ಲಿಗೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು: 66 ಆಂಟೆನಾಗಳು ಒಟ್ಟಿಗೆ ಆಕಾಶಕ್ಕೆ ಮುಖ ಮಾಡಿರುವ ಫೋಟೋ ತೆಗೆಯುವ ಆಸೆ ಬಿಟ್ಟುಬಿಡಿ. ಅವು ಇರುವುದು 5,000 ಮೀಟರ್ ಎತ್ತರದ ಚಾಹ್ನಂತೊರ್ ಪ್ರಸ್ಥಭೂಮಿಯಲ್ಲಿ. ನಮ್ಮಂಥವರಿಗೆ ಪ್ರವೇಶ 2,900 ಮೀಟರಿನ ಕೆಳಗಿನ ಕೇಂದ್ರದವರೆಗೆ ಮಾತ್ರ. ಸುಳ್ಳು ಯಾಕೆ, ನನಗೆ ಬೇಸರವೇ ಆಯಿತು.

ಅದೃಷ್ಟಕ್ಕೆ ರಿಪೇರಿಗೆಂದು ಇಳಿಸಿದ್ದ ಒಂದು ಆಂಟೆನಾ ಅಂಗಳದಲ್ಲಿತ್ತು. 12 ಮೀಟರ್ ಅಗಲದ ತಟ್ಟೆ, ತೂಕ ನೂರು ಟನ್ನಿನ ಆಸುಪಾಸು. ಇದನ್ನು ಗುಡ್ಡ ಹತ್ತಿಸಿ ಇಳಿಸಲು ಒಟ್ಟೊ, ಲೊರೆ ಎಂಬ 28 ಚಕ್ರದ ಎರಡು ವಾಹನಗಳಿವೆ. ತಟ್ಟೆ ಥಳಥಳ ಹೊಳೆಯುತ್ತದೆ ಅಂದುಕೊಂಡಿದ್ದೆ, ಮಂಕಾಗಿತ್ತು. ಬಿಸಿಲು ಒಂದೇ ಕಡೆ ಕೂಡಿ ಉಪಕರಣ ಸುಡದಿರಲೆಂದು ಬೇಕೆಂದೇ ಹಾಗೆ ಮಾಡಿದ್ದಂತೆ. ಆದರೂ ಇಷ್ಟಗಲದ ಲೋಹದಲ್ಲಿ ಏರುತಗ್ಗು ಕೂದಲೆಳೆಗಿಂತ ಕಡಿಮೆ. ಹಾಡಹಗಲಲ್ಲೂ ಕೆಲಸ ನಡೆಯುತ್ತದೆ, ಇದು ಹಿಡಿಯುವ ರೇಡಿಯೊ ಅಲೆಗಳಿಗೆ ರಾತ್ರಿಯಾಗಬೇಕೆಂದೇನಿಲ್ಲ.

ಎಳೆಯ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ದೂಳಿನ ಮುಸುಕಿನೊಳಗೆ ಹುಟ್ಟುತ್ತವೆ. ಅವುಗಳ ಬೆಳಕನ್ನು ದೂಳೇ ನುಂಗಿ, ಬೆಚ್ಚಗಾಗಿ, ಆ ಶಾಖವನ್ನು ಅವಕೆಂಪು ಅಲೆಗಳಾಗಿ ಹೊರಬಿಡುತ್ತದೆ. ವಿಶ್ವ ಹಿಗ್ಗುತ್ತಾ ಬಂದಂತೆ ಆ ಅಲೆಗಳೂ ಹಿಗ್ಗಿ, ನಮ್ಮನ್ನು ಮುಟ್ಟುವ ಹೊತ್ತಿಗೆ ಮಿಲಿಮೀಟರಿನ ಹತ್ತಿರಕ್ಕೆ ಬಂದಿರುತ್ತವೆ. ಗಾಳಿಯಲ್ಲಿನ ನೀರಾವಿ ಅವನ್ನು ಹೀರಿಬಿಡುತ್ತದೆ. ನನ್ನ ಮೂಗು ಒಡೆಸಿದ ಒಣಗಾಳಿಯೇ ಇಲ್ಲಿನವರ ಬಂಡವಾಳ!

ಅಷ್ಟಾದರೂ ಆ ಗೆಲಾಕ್ಸಿಗಳು ಚುಕ್ಕೆಯಷ್ಟೇ. ನಡುವೆ ಇನ್ನೊಂದು ಗೆಲಾಕ್ಸಿ ಸರಿಯಾಗಿ ಅಡ್ಡ ನಿಂತರೆ ಮಾತ್ರ ಆಟ ಬದಲಾಗುತ್ತದೆ. ಅದರ ಗುರುತ್ವ ಹಿಂದಿನ ಬೆಳಕನ್ನು ಬಾಗಿಸಿ, ಹಿಗ್ಗಿಸಿ, ಉಂಗುರ ಮಾಡುತ್ತದೆ. ಇಂಥದ್ದನ್ನು ಕಾಣುವ ಆಶೆಯಿಲ್ಲವೆಂದು ಐನ್‌ಸ್ಟೈನ್ 1936ರಲ್ಲಿ ಬರೆದಿದ್ದರು. ಅವರು ಯೋಚಿಸುತ್ತಿದ್ದದ್ದು ಒಂಟಿ ನಕ್ಷತ್ರದ ಬಗ್ಗೆ. ಮರುವರ್ಷವೇ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ, ಗೆಲಾಕ್ಸಿಗಳೇ ಮಸೂರವಾಗಬಹುದಲ್ಲ ಎಂದರು. 1979ರಲ್ಲಿ ಪಕ್ಕಪಕ್ಕ ಕಂಡ ಎರಡು ಕ್ವೇಸಾರ್‌ಗಳು (ದೂರದ ಗೆಲಾಕ್ಸಿಗಳ ಪ್ರಖರ ನಡುಭಾಗಗಳು) ನಿಜಕ್ಕೂ ಒಂದರದೇ ಎರಡು ಬಿಂಬ ಎಂದು ಗೊತ್ತಾದಾಗ ಜ್ವಿಕಿ ತೀರಿಕೊಂಡು ಐದು ವರ್ಷವಾಗಿತ್ತು.

ಬಸ್ಸಿನಲ್ಲಿ ಮರಳುವಾಗ ಫೋನಿನಲ್ಲಿಟ್ಟುಕೊಂಡಿದ್ದ, ಎಸ್‌ಡಿಪಿ.81 ಎಂಬ ಇಂಥದೇ ಒಂದು ಉಂಗುರದ ಚಿತ್ರ ತೆರೆದೆ. 2014ರಲ್ಲಿ ಆಂಟೆನಾಗಳನ್ನು 15 ಕಿಲೋಮೀಟರಿನಷ್ಟು ದೂರ ದೂರ ಇಟ್ಟು ಪಡೆದದ್ದು. ಕಿತ್ತಳೆ ಬಣ್ಣದ, ಎರಡು ಕಡೆ ತುಂಡಾದ ತೆಳು ಬಳೆ. ಚಂದವೇ. ಆದರೆ ನನಗೆ ಅದಕ್ಕಿಂತ ಮೆಚ್ಚುಗೆ, ಬಳೆಯನ್ನು ಲೆಕ್ಕದಲ್ಲಿ ಬಿಚ್ಚಿ ಹಿಂದಿನ ಗೆಲಾಕ್ಸಿಯ ನಿಜರೂಪ ಕಾಣುವ ಕೆಲಸ. ಎಸ್‌ಪಿಟಿ0418–47 ಎಂಬ ಇನ್ನೊಂದು ಉಂಗುರವನ್ನು 2020ರಲ್ಲಿ ಹೀಗೆ ಬಿಚ್ಚಿದಾಗ ಸಿಕ್ಕಿದ್ದು ಗದ್ದಲವಿಲ್ಲದೆ ತಿರುಗುತ್ತಿದ್ದ ತಟ್ಟೆಯಾಕಾರದ ಗೆಲಾಕ್ಸಿ. ವಿಶ್ವಕ್ಕೆ ಆಗ 140 ಕೋಟಿ ವರ್ಷ. ಆ ಪ್ರಾಯದಲ್ಲಿ ಎಲ್ಲ ರಣರಂಪವಾಗಿರುತ್ತದೆ ಎಂದೇ ಎಣಿಸಿದ್ದರು.

ರಾತ್ರಿ ವಸತಿಗೃಹದ ಅಂಗಳದಲ್ಲಿ ಗೆಳೆಯನಿಗೆ ಇದನ್ನು ತೋರಿಸಲು ಖಾಲಿ ವೈನ್ ಗ್ಲಾಸ್ ಎತ್ತಿಕೊಂಡೆ. ಅದರ ಪಾದದ ಗಾಜು ನಡುವೆ ದಪ್ಪ, ಅಂಚಿನಲ್ಲಿ ತೆಳು. ಅದರೊಳಗಿಂದ ಮೇಣದಬತ್ತಿ ನೋಡಿದರೆ ಜ್ವಾಲೆ ಉಂಗುರವಾಗುತ್ತದೆ. ಕೂದಲೆಳೆಯಷ್ಟು ಸರಿಸಿದರೆ ಉಂಗುರ ಒಡೆದು ಕಮಾನುಗಳಾಗುತ್ತವೆ. ಅವನ ಕಣ್ಣಿಗೆ ಗ್ಲಾಸಿನ ಪಾದ ಹಿಡಿದು, ಮೇಜಿನ ಮೇಲೆ ಬತ್ತಿಗಳನ್ನು ಅತ್ತಿತ್ತ ಮಾಡಿ, "ಹಿಂದೆ ಎಷ್ಟಿವೆ ಹೇಳು" ಅಂದೆ.

ಅವನು ಬಹಳ ಹೊತ್ತು ನೋಡಿ, "ಎರಡು" ಅಂದ.

ಒಂದೇ ಇತ್ತು.