ಬಸವನನ್ನು ಒಪ್ಪಿ ಬಸವರಾಜನನ್ನು ತಳ್ಳಿದ ಫಾರಂ

ಕಾರಟಗಿ ಸೀಮೆಯಲ್ಲಿ ಭತ್ತದ ಕೊಯ್ಲು ಶುರುವಾಯಿತೆಂದರೆ ರೈತರಿಗೆ ಪುರುಸೊತ್ತು ಇರುವುದಿಲ್ಲ. ಕೊಯ್ಲಿನ ಯಂತ್ರ ಯಾವಾಗ ಗದ್ದೆಗೆ ಇಳಿಯುತ್ತದೆ, ಲಾರಿ ಸಿಗುತ್ತದೆಯೇ, ಮೋಡ ಕವಿಯುತ್ತದೆಯೇ ಎಂಬುದೇ ಅವರ ಚಿಂತೆ. ಅಂಥವರಿಗೆ ಮೊಬೈಲಿನಲ್ಲಿ ಫಾರಂ ತುಂಬಿ ಎಂದರೆ ಒಮ್ಮೆ ತುಂಬುತ್ತಾರೆ. ಅದು ಕೆಂಪಕ್ಷರದಲ್ಲಿ ‘ಮಾಹಿತಿ ಸರಿಯಿಲ್ಲ’ ಎಂದು ವಾಪಸು ಕಳಿಸಿದರೆ ಎರಡನೆಯ ಸಲ ತುಂಬುವವರು ಕಡಿಮೆ. ಅಲ್ಲಿನ ರೈತ ಉತ್ಪಾದಕರ ಕಂಪನಿಯೊಂದರ ಸದಸ್ಯತ್ವ ಫಾರಂನ ಕಥೆ ಇದೇ ಆಗಿತ್ತು. ಬೇರೆ ಊರಿನ ಸಂಸ್ಥೆಯೊಂದು ಅದನ್ನು ಮಾಡಿಕೊಟ್ಟಿತ್ತು. ನೋಡಲು ಚೆಂದವಾಗಿತ್ತು, ಆದರೆ ನಿಜವಾದ ರೈತರನ್ನೇ ಒಳಗೆ ಬಿಡುತ್ತಿರಲಿಲ್ಲ. ಗಂಗಾವತಿಯಲ್ಲಿ ಕುಳಿತು, ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್ ಬರೆಯುವ ನನ್ನನ್ನು ಬಂದು ನೋಡಲು ಕರೆದರು.

ಕೋಡ್ ತೆರೆಯುವ ಮೊದಲು ಕೌಂಟರಿನಲ್ಲಿ ಒಂದು ದಿನ ಕೂರಲು ಅವಕಾಶ ಕೇಳಿಕೊಂಡೆ. ಫಾರಂ ತಿರಸ್ಕರಿಸಿದವರೆಲ್ಲ ಕೊನೆಗೆ ಬರುವುದು ಅಲ್ಲಿಗೇ. ಕೌಂಟರಿನಲ್ಲಿದ್ದ ಗುಮಾಸ್ತೆ ತಿರಸ್ಕೃತ ಅರ್ಜಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆದಿಟ್ಟಿದ್ದರು. ಹೆಸರು, ಊರು, ಎಷ್ಟು ಭೂಮಿ, ಫಾರಂ ಏನೆಂದು ಬೈಯಿತು, ಎಲ್ಲವೂ ಅದರಲ್ಲಿತ್ತು. ಪರಿಶೀಲನೆಯ ನಿಯಮ ಬರೆಯುವವನಿಗೆ ಅದಕ್ಕಿಂತ ಬೆಲೆಯುಳ್ಳ ದಾಖಲೆ ಇಲ್ಲ ಎಂದೇ ನಾನು ನಂಬುತ್ತೇನೆ.

ಮೊದಲ ವಿಚಿತ್ರ ಹೆಸರಿನ ಕಲಂನಲ್ಲಿ ಕಂಡಿತು. ‘ಬಸವ’ ಎಂದು ತುಂಬಿದವರನ್ನು ಫಾರಂ ಒಪ್ಪುತ್ತಿತ್ತು, ‘ಬಸವರಾಜ’ ಎಂದರೆ ತಳ್ಳುತ್ತಿತ್ತು. ‘ಕನಕ’ ಸರಿ, ‘ಹುಲಿಗೆಮ್ಮ’ ತಪ್ಪು. ಹುಲಿಗಿಯ ಅಮ್ಮನ ಹೆಸರಿಟ್ಟುಕೊಂಡವರು ಮನೆಗೊಬ್ಬರಿರುವ ನಾಡಿನಲ್ಲಿ ಹುಲಿಗೆಮ್ಮ ತಪ್ಪು! ಗುಮಾಸ್ತೆ ಇದನ್ನು ದೇವರ ಆಟವೆಂಬಂತೆ ಸಹಿಸಿಕೊಂಡಿದ್ದರು. ಕಾರಣ ಮಾತ್ರ ಸರಳವಾಗಿತ್ತು. ಹೆಸರಿನಲ್ಲಿ ‘ಅಕ್ಷರ’ಗಳು ಮಾತ್ರ ಇರಬೇಕೆಂದು, ಬರೆದದ್ದು ಒಂದು ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದಿದ್ದರು. 2018ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್‌ನಲ್ಲಿ ಯೂನಿಕೋಡ್ (ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಪದ್ಧತಿ) ಗುಣಲಕ್ಷಣಗಳ ಮೂಲಕ ಯಾವ ಭಾಷೆಯ ಅಕ್ಷರವನ್ನಾದರೂ ಗುರುತಿಸಬಹುದು. ಆದರೆ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರವೆಂದರೆ ಮೂಲ ಸ್ವರ, ವ್ಯಂಜನಗಳು. ಕೊಂಬು, ದೀರ್ಘ, ಗುಡಿಸು, ಒತ್ತಕ್ಷರ ಕೂಡಿಸುವ ವಿರಾಮ (್) ಇವೆಲ್ಲ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ‘ಬಸವ’ದಲ್ಲಿ ಒಂದೂ ಗುರುತಿಲ್ಲ, ಪಾಸಾಯಿತು. ‘ಬಸವರಾಜ’ದಲ್ಲಿ ರಾಕಾರದ ದೀರ್ಘ ಸಿಕ್ಕಿಬಿದ್ದಿತು. ಅಕ್ಷರದ ಜೊತೆಗೆ ಗುರುತುಗಳ ವರ್ಗವನ್ನೂ, ಕಣ್ಣಿಗೆ ಕಾಣದೆ ಅಕ್ಷರಗಳನ್ನು ಬೇರ್ಪಡಿಸುವ ಮತ್ತು ಜೋಡಿಸುವ ಎರಡು ಸಂಕೇತಗಳನ್ನೂ, ಚುಕ್ಕಿ ಮತ್ತು ಖಾಲಿ ಜಾಗವನ್ನೂ ಸೇರಿಸಿದ ಮೇಲೆ ನೋಟ್‌ಬುಕ್ಕಿನ ಹೆಸರುಗಳು ಒಂದೊಂದಾಗಿ ಒಳಗೆ ಬಂದವು.

ಉದ್ದದ ಮಿತಿಯಲ್ಲೂ ಇದೇ ಜಾತಿಯ ತೊಡಕು. ‘ಹುಲಿಗೆಮ್ಮ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಜಾವಾಸ್ಕ್ರಿಪ್ಟ್ ಎಣಿಸಿದರೆ 9. ಗಂಡನ ಹೆಸರು, ಮನೆತನದ ಹೆಸರು ಸೇರಿಸಿ ಬರೆಯುವ ಹೆಂಗಸರಿಗೆ 25ರ ಮಿತಿ ಎಲ್ಲಿ ಸಾಲುತ್ತದೆ? ಇನ್ನೊಂದು ಸೂಕ್ಷ್ಮ ಜಿಲ್ಲೆಯ ಹೆಸರಿನಲ್ಲೇ ಇತ್ತು. ‘ಕೊಪ್ಪಳ’ದ ಕೊಕಾರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಕಾರದ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎರಡು ತುಂಡುಗಳಾಗಿ. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡಿದರೆ ಬೇರೆ ಬೇರೆ. ಹೋಲಿಸುವ ಮೊದಲು ‘ನಾರ್ಮಲೈಸ್’ ಎಂಬ ಕ್ರಿಯೆಯನ್ನು ಕರೆದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಒಂದು ಸಾಲಿನ ಕೆಲಸ, ಆದರೆ ಕನ್ನಡದ ಫಾರಂ ಮಾಡುವವರಲ್ಲಿ ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ಬಹುದಿನದ ಸಂಕಟ.

ಮಧ್ಯಾಹ್ನದ ಹೊತ್ತಿಗೆ ಭೂಮಿಯ ಕಲಂಗೆ ಬಂದೆವು. ನಿಜವಾದ ಗಾಯ ಇದ್ದದ್ದು ಅಲ್ಲಿ. ಫಾರಂನಲ್ಲಿ ‘ವಿಸ್ತೀರ್ಣ, ಎಕರೆಗಳಲ್ಲಿ’ ಎಂಬ ಒಂದೇ ಪೆಟ್ಟಿಗೆ ಇತ್ತು. ಎರಡು ಎಕರೆ ಇಪ್ಪತ್ತು ಗುಂಟೆ ಇರುವವರು ಪಹಣಿಯನ್ನು ಕಣ್ಣ ಮುಂದೆ ಇಟ್ಟುಕೊಂಡು 2.20 ಎಂದು ತುಂಬಿದ್ದರು. ನಿಯಮ ಕೇಳಿದ್ದು ‘ಇದು ಸಂಖ್ಯೆಯೇ?’ ಎಂದಷ್ಟೇ. ಹೌದು, ಸಂಖ್ಯೆಯೇ. ಜಾವಾಸ್ಕ್ರಿಪ್ಟ್ ಅದನ್ನು 2.2 ಎಂದು ಇಟ್ಟುಕೊಂಡಿತು. ಎಕರೆಗೆ 40 ಗುಂಟೆಯ ಲೆಕ್ಕದಲ್ಲಿ ಆ ರೈತರ ಭೂಮಿ 100 ಗುಂಟೆ. ಕಂಪ್ಯೂಟರಿನ 2.2 ಎಕರೆ ಎಂದರೆ 88 ಗುಂಟೆ. ಹನ್ನೆರಡು ಗುಂಟೆ ಯಾವ ಸದ್ದೂ ಇಲ್ಲದೆ ಕರಗಿಹೋಯಿತು, ಬೀಜ ಗೊಬ್ಬರದ ಹಂಚಿಕೆ ಆ ಲೆಕ್ಕದ ಮೇಲೆಯೇ ನಡೆಯಿತು. ಎರಡೂವರೆ ಎಂಬ ಅರ್ಥದಲ್ಲಿ 2.5 ಎಂದು ಬರೆದವರೂ ಇದ್ದರು, ಎರಡು ಎಕರೆ ಐದು ಗುಂಟೆ ಎಂಬ ಅರ್ಥದಲ್ಲಿ 2.5 ಎಂದು ಬರೆದವರೂ ಇದ್ದರು. ಇದನ್ನು ಯಾವ ನಿಯಮವೂ ಊಹಿಸಿ ಹೇಳಲಾರದು. ತಿರಸ್ಕೃತ ಅರ್ಜಿಯಾದರೆ ನೋಟ್‌ಬುಕ್ಕಿನಲ್ಲಾದರೂ ಸಿಗುತ್ತದೆ. ತಪ್ಪಾಗಿ ಸ್ವೀಕೃತವಾದದ್ದು ಎಲ್ಲೂ ಸಿಗುವುದಿಲ್ಲ. ಅಂದು ನನ್ನನ್ನು ಅತಿಯಾಗಿ ಕಾಡಿದ್ದು ಇದೇ.

ಪೆಟ್ಟಿಗೆಯನ್ನು ಎಕರೆ, ಗುಂಟೆ ಎಂದು ಎರಡು ಮಾಡುವುದೊಂದೇ ದಾರಿಯಾಗಿತ್ತು. ಗುಂಟೆ ಪೂರ್ಣಾಂಕವಾಗಿರಬೇಕು, 0ಯಿಂದ 39ರ ಒಳಗಿರಬೇಕು. ಆಗ 45 ಗುಂಟೆ ಎಂದು ಬರೆದವರನ್ನು ಅಲ್ಲೇ ನಿಲ್ಲಿಸಿ ಕೇಳಬಹುದು. ಇಲ್ಲಿ ಸೊನ್ನೆಯ ವಿಷಯದಲ್ಲಿ ಎಚ್ಚರ ಬೇಕು. ಜಾವಾಸ್ಕ್ರಿಪ್ಟ್ ಸೊನ್ನೆಯನ್ನು ‘ಇಲ್ಲ’ ಎಂಬಂತೆಯೇ ಕಾಣುತ್ತದೆ. ಪೆಟ್ಟಿಗೆಯಲ್ಲಿ ಬೆಲೆ (ತುಂಬಿದ ಮಾಹಿತಿ) ಇದೆಯೇ ಎಂದು ಸುಮ್ಮನೆ ಕೇಳುವ ಕಡ್ಡಾಯ ನಿಯಮ ಬರೆದರೆ, ಸರಿಯಾಗಿ ಮೂರು ಎಕರೆ ಇರುವವರ ಸೊನ್ನೆ ಗುಂಟೆಯನ್ನು ‘ಗುಂಟೆ ತುಂಬಿಲ್ಲ’ ಎಂದು ತಳ್ಳುತ್ತದೆ. ತಿರುಗಿಸಿ ನೋಡಿದರೆ, ಖಾಲಿ ಬಿಟ್ಟ ಪೆಟ್ಟಿಗೆಯನ್ನು ಸಂಖ್ಯೆಯಾಗಿ ಮಾರ್ಪಡಿಸಿದಾಗ ಸಿಗುವುದೂ ಸೊನ್ನೆಯೇ. ಆದ್ದರಿಂದ ಖಾಲಿಯೇ ಎಂಬುದನ್ನು ಪಠ್ಯವಾಗಿದ್ದಾಗಲೇ ನೋಡಬೇಕು, ಸಂಖ್ಯೆಯಾಗಿ ಮಾಡುವುದು ಆಮೇಲೆ. ಕನ್ನಡ ಕೀಲಿಮಣೆಯಲ್ಲಿ ೨೦ ಎಂದು ಬರೆದವರ ಅಂಕಿಗಳನ್ನು ಅದಕ್ಕೂ ಮೊದಲು 20 ಎಂದು ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ.

ಬ್ಯಾಂಕ್ ಖಾತೆಯ ಸಂಖ್ಯೆಯ ಕಥೆ ಚಿಕ್ಕದು. ಅದು ಹೆಸರಿಗಷ್ಟೇ ಸಂಖ್ಯೆ, ಯಾರೂ ಅದನ್ನು ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಸಂಖ್ಯೆಯಾಗಿ ಇಟ್ಟರೆ ಮೊದಲಿಗೆ ಇರುವ ಸೊನ್ನೆಗಳು ಹಾರಿಹೋಗುತ್ತವೆ, ಮೇಲಾಗಿ 9007199254740991ಕ್ಕಿಂತ ದೊಡ್ಡ ಪೂರ್ಣಾಂಕಗಳನ್ನು ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ನಿಖರವಾಗಿ ಹಿಡಿದಿಡುವುದಿಲ್ಲ. ಕೊನೆಯಲ್ಲಿ 993 ಇದ್ದದ್ದು 992 ಆಗುತ್ತದೆ, ಹಣ ಬೇರೆ ಯಾರದೋ ಖಾತೆಯ ಬಾಗಿಲು ತಟ್ಟುತ್ತದೆ. ಪಠ್ಯವಾಗಿಯೇ ಇಡಬೇಕು. ಐಎಫ್‌ಎಸ್‌ಸಿ ಸಂಕೇತ (ಬ್ಯಾಂಕಿನ ಶಾಖೆಯನ್ನು ಗುರುತಿಸುವಂಥದ್ದು) 11 ಅಕ್ಷರಗಳದ್ದು, ಅದರ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬರೆದವರಿಗೆ ‘ಸಂಕೇತ ತಪ್ಪು’ ಎನ್ನುವ ಬದಲು ‘ಐದನೆಯದು ಸೊನ್ನೆ ಇರಬೇಕು’ ಎಂದರೆ ಅವರೇ ತಿದ್ದಿಕೊಳ್ಳುತ್ತಾರೆ.

ಹಳೆಯ ಕೋಡ್‌ನಲ್ಲಿ ಈ ಪರೀಕ್ಷೆಗಳೆಲ್ಲ ಒಂದರೊಳಗೊಂದು ಹೆಣೆದ ‘ಹೀಗಿದ್ದರೆ, ಇಲ್ಲದಿದ್ದರೆ’ಗಳಾಗಿ ಹರಡಿಕೊಂಡಿದ್ದವು. ಮೊದಲ ತಪ್ಪು ಸಿಕ್ಕಿದ ಕೂಡಲೇ ನಿಂತುಬಿಡುತ್ತಿತ್ತು. ರೈತರು ಹೆಸರು ತಿದ್ದಿ ಕಳಿಸಿದರೆ ಖಾತೆ ತಪ್ಪು, ಖಾತೆ ತಿದ್ದಿದರೆ ಮೊಬೈಲ್ ತಪ್ಪು. ನಾನು ನಿಯಮಗಳನ್ನು ಬೇರೆ ಮಾಡಿ, ಹೆಸರಿನ ಎದುರು ವಿವರ ಇಡುವ ಪಟ್ಟಿಯಂಥ ಒಂದು ಆಬ್ಜೆಕ್ಟ್‌ನಲ್ಲಿ ಇಟ್ಟೆ. ಜಾವಾಸ್ಕ್ರಿಪ್ಟ್ ಕನ್ನಡದ ಹೆಸರುಗಳನ್ನು ತಕರಾರಿಲ್ಲದೆ ಒಪ್ಪುವುದರಿಂದ ಅದನ್ನು ಕನ್ನಡದಲ್ಲೇ ಬರೆದೆ:

ನಿಯಮಗಳು = {
  ಹೆಸರು: [ಕಡ್ಡಾಯ, ಹೆಸರಿನಅಕ್ಷರ, ಗರಿಷ್ಠಉದ್ದ(120)],
  ಎಕರೆ: [ಕಡ್ಡಾಯ, ಪೂರ್ಣಾಂಕ, ಕನಿಷ್ಠ(0)],
  ಗುಂಟೆ: [ಕಡ್ಡಾಯ, ಪೂರ್ಣಾಂಕ, ವ್ಯಾಪ್ತಿ(0, 39)],
  ಖಾತೆ: [ಕಡ್ಡಾಯ, ಅಂಕಿಮಾತ್ರ]
}

ಪ್ರತಿ ನಿಯಮವೂ ಒಂದು ಪುಟ್ಟ ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು. ಕಲಂನ ಬೆಲೆಯನ್ನೂ ಇಡೀ ಅರ್ಜಿಯ ಆಬ್ಜೆಕ್ಟನ್ನೂ ತೆಗೆದುಕೊಳ್ಳುತ್ತದೆ. ಸರಿಯಿದ್ದರೆ ಏನೂ ಹೇಳುವುದಿಲ್ಲ, ತಪ್ಪಿದ್ದರೆ ಏನು ಮಾಡಬೇಕೆಂಬ ವಾಕ್ಯವನ್ನು ಹಿಂತಿರುಗಿಸುತ್ತದೆ. ಇನ್ನೊಂದು ಫಂಕ್ಷನ್ ಎಲ್ಲ ಕಲಂಗಳನ್ನು ಸುತ್ತಿ ಬಂದು ತಪ್ಪುಗಳನ್ನು ಒಟ್ಟಿಗೆ ಕೊಡುತ್ತದೆ. ಜಾಯ್, ಯಪ್, ಜಾಡ್‌ನಂಥ ಸಿದ್ಧ ಕೋಡಿನ ಗ್ರಂಥಾಲಯಗಳು (ಲೈಬ್ರರಿ) ಇದನ್ನೆಲ್ಲ ಸೊಗಸಾಗಿ ಮಾಡುತ್ತವೆ, ದೊಡ್ಡ ಯೋಜನೆಗಳಲ್ಲಿ ನಾನೂ ಬಳಸುತ್ತೇನೆ. ಇಲ್ಲಿ ಬೇಕಾಗಿದ್ದದ್ದು ಕೌಂಟರಿನಲ್ಲಿರುವವರು ಓದಬಲ್ಲ ಕಡತ. ಗುಮಾಸ್ತೆ ಆ ಸಾಲುಗಳನ್ನು ಓದಿ, ‘39 ಸರಿ, 40 ಆದರೆ ಎಕರೆಯೇ ಆಯಿತಲ್ಲ’ ಎಂದರು. ಪ್ರೋಗ್ರಾಮಿಂಗ್ ಕಲಿಯದವರೊಬ್ಬರು ನನ್ನ ಕೋಡ್ ಸರಿಯಿದೆ ಎಂದು ಪ್ರಮಾಣೀಕರಿಸಿದ ಆ ಗಳಿಗೆಯ ಸಂತೋಷ ದೊಡ್ಡದು.

ಇದೇ ಕಡತ, ಅರ್ಜಿಗಳು ಬಂದು ಸೇರುವ ಕಂಪ್ಯೂಟರಾದ ಸರ್ವರ್‌ನಲ್ಲೂ ಓಡುತ್ತದೆ. ಬ್ರೌಸರಿನ ಪರೀಕ್ಷೆ ತುಂಬುವವರ ಅನುಕೂಲಕ್ಕೆ ಮಾತ್ರ, ಅದನ್ನು ತಪ್ಪಿಸಿ ನೇರವಾಗಿ ಏನನ್ನಾದರೂ ಕಳಿಸುವುದು ಕಷ್ಟವಲ್ಲ. ನಿಯಮಗಳಲ್ಲಿ ಹೆಸರಿಲ್ಲದ ಕಲಂ ಬಂದರೆ ಸರ್ವರ್ ಅದನ್ನು ಬಿಸಾಡಬೇಕು. ಇಲ್ಲದಿದ್ದರೆ ‘ಅನುಮೋದಿತ: ಹೌದು’ ಎಂದು ಸೇರಿಸಿ ಕಳಿಸಿದವರು ತಾವೇ ಸದಸ್ಯರಾಗಿಬಿಡುತ್ತಾರೆ.

ಕಂಪನಿಯದೇ ಇನ್ನೊಂದು ಫಾರಂ ಆದ ಭತ್ತದ ಮಾರಾಟದ ಚೀಟಿಯಲ್ಲಿ ತೇವಾಂಶ 17ಕ್ಕಿಂತ ಹೆಚ್ಚಿದ್ದರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಶೇ 17 ಸರ್ಕಾರದ ಬೆಂಬಲ ಬೆಲೆ ಖರೀದಿಯ ಮಿತಿ. ಹೊರಗಿನ ವ್ಯಾಪಾರದಲ್ಲಿ ಹಸಿ ಭತ್ತವೂ ಕಡಿತದೊಂದಿಗೆ ಮಾರಾಟವಾಗುತ್ತದೆ. ಅದನ್ನು ತಪ್ಪಿನ ಪಟ್ಟಿಯಿಂದ ತೆಗೆದು ಎಚ್ಚರಿಕೆಯ ಪಟ್ಟಿಗೆ ಹಾಕಿದೆ.

ಸಂಜೆ ಮೊಬೈಲ್ ಸಂಖ್ಯೆಯ ಮೇಲೆ ನಮ್ಮಿಬ್ಬರಿಗೆ ಚರ್ಚೆ ಬಿತ್ತು. ಹತ್ತು ಅಂಕಿ, 6ರಿಂದ 9ರೊಳಗೆ ಶುರುವಾಗಬೇಕು, ಒಂದು ಸಂಖ್ಯೆ ಒಬ್ಬರಿಗೆ ಮಾತ್ರ ಎಂಬುದು ಹಳೆಯ ನಿಯಮ. ಒಂದೇ ಮೊಬೈಲ್ ಇರುವ ಮನೆಯ ಅಣ್ಣ ತಮ್ಮಂದಿರಲ್ಲಿ ಎರಡನೆಯವರು ಹೊರಗೆ ಉಳಿದಿದ್ದರು. ಒಬ್ಬರಿಗೆ ಒಂದೇ ಎಂಬುದನ್ನು ತೆಗೆದುಹಾಕಲು ನಾನು ತಕ್ಷಣ ಒಪ್ಪಿದೆ. ಗುಮಾಸ್ತೆ ಇನ್ನೂ ಮುಂದೆ ಹೋಗಿ, ಮೊಬೈಲೇ ಇಲ್ಲದ ವಯಸ್ಸಾದ ಹೆಂಗಸರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ತೋರಿಸಿದರು. ಹಣ ಜಮೆಯಾದದ್ದನ್ನು ತಿಳಿಸುವುದು ಹೇಗೆ ಎಂದು ಕೇಳಿದೆ. ಊರಿನಲ್ಲಿ ಯಾರಿಗೆ ಹೇಳಿದರೆ ಮುಟ್ಟುತ್ತದೆಂದು ಅವರಿಗೇ ಗೊತ್ತಿರುತ್ತದೆ ಎಂದರು. ನಿಯಮ ಹೀಗಾಯಿತು: ಮೊಬೈಲ್ ಕಡ್ಡಾಯವಲ್ಲ, ಅದು ಖಾಲಿಯಿದ್ದರೆ ಸಂಪರ್ಕದ ವ್ಯಕ್ತಿಯ ಹೆಸರು ಮತ್ತು ಸಂಖ್ಯೆ ಕಡ್ಡಾಯ. ನಿಯಮಕ್ಕೆ ಇಡೀ ಅರ್ಜಿಯನ್ನು ಕೊಟ್ಟಿದ್ದು ಇಲ್ಲಿ ಕೆಲಸಕ್ಕೆ ಬಂತು.

ಸರ್ವೆ ನಂಬರಿನ ನಿಯಮ ಮಾತ್ರ ಬಾಕಿ ಉಳಿದಿದೆ. ಹಿಸ್ಸಾ ಸೇರಿಸಿ ಅಡ್ಡಗೆರೆಯಲ್ಲಿ ಬರೆಯುವವರು, ಅಡ್ಡಗೆರೆಯ ನಂತರ ಕನ್ನಡದ ಅಕ್ಷರ ಹಾಕುವವರು, ಎರಡು ಸರ್ವೆ ನಂಬರನ್ನು ಅಲ್ಪವಿರಾಮದಿಂದ ಜೋಡಿಸುವವರು, ಎಲ್ಲರೂ ನೋಟ್‌ಬುಕ್ಕಿನಲ್ಲಿದ್ದಾರೆ. ಪಹಣಿಯ ಪ್ರತಿಗಳನ್ನು ಒಟ್ಟು ಮಾಡಿ ಕೊಡುವುದಾಗಿ ಗುಮಾಸ್ತೆ ಹೇಳಿದ್ದಾರೆ. ಅವು ಬರುವವರೆಗೆ ಆ ಕಲಂಗೆ ‘ಕಡ್ಡಾಯ’ ಎಂಬ ಒಂದೇ ನಿಯಮ ಇಟ್ಟಿದ್ದೇನೆ.